ಪಿತ್ತ ಒಡೆಯದಂತೆ

ಮೂವತ್ತು ವರ್ಷ ಚೀ ನದಿಯ ಮೀನು ಸೀಳಿದವಳು ನಾನು.
ಕಿವಿರಿನ ಕೆಳಗೆ ಚೂರಿ ಇಳಿಸಿ, ಹೆಬ್ಬೆರಳಿಂದ
ಒಂದು ಹಸಿರು ಮಣಿಯನ್ನು ಮೆಲ್ಲಗೆ ಎತ್ತಿ ಬಿಸಾಡಬೇಕು.
ಒಡೆಯಿತೋ, ಇಡೀ ಮೀನು ಕಹಿ.

ಈಗ ಖೊನ್ ಕೇನ್ ಆಸ್ಪತ್ರೆಯ ಆರನೇ ಮಹಡಿಯಲ್ಲಿ
ಡಾಕ್ಟರ್ ಪಿಮ್‌ಪಿಲಾಯ್ ಕಾಗದ ಹರಡಿ
ನನ್ನ ಯಕೃತ್ತನ್ನು ಬಿಡಿಸುತ್ತಿದ್ದಾಳೆ, ನೀಲಿ ಪೆನ್ನಿನಲ್ಲಿ.
ಚಿತ್ರ ಅಷ್ಟಕ್ಕಷ್ಟೇ. ಮಳೆಗೆ ನೆನೆದ ಟೋಪಿಯ ಹಾಗಿದೆ.
"ಎಂಟು ಹೋಳು. ಒಂದೊಂದಕ್ಕೂ ಅದರದೇ ರಕ್ತನಾಳ,
ಅದರದೇ ಪಿತ್ತದ ಕಾಲುವೆ. ಎಡಗಡೆಯ ಮೂರು ತೆಗೆಯುತ್ತೇನೆ.
ಪಿತ್ತಕೋಶವೂ ಜೊತೆಗೆ ಬರುತ್ತದೆ."
"ಒಡೆಯದಂತೆ ತೆಗಿ ತಾಯಿ," ಅಂದೆ.
ಅವಳು ನಗಲಿಲ್ಲ. ಬರೆದುಕೊಂಡಳು.

ಹುಳು ಒಳಗೆ ಹೋದದ್ದು ನನ್ನ ಕೈಯಡುಗೆಯಿಂದಲೇ.
ಹಸಿಮೀನು ಕೊಚ್ಚಿ, ನಿಂಬೆ ಹಿಂಡಿ,
ಹುರಿದಕ್ಕಿಯ ಪುಡಿ, ಒಣಮೆಣಸು,
ಕೆಂಪಿರುವೆಯ ಮೊಟ್ಟೆ ಸಿಕ್ಕಿದರೆ ಅದೂ.
ನಿಂಬೆಹುಳಿಯೇ ಬೇಯಿಸುತ್ತದೆ ಅನ್ನುತ್ತಿದ್ದಳು ಅಜ್ಜಿ.
ಅಕ್ಕಿ ಸಾರಾಯಿಗೆ ಹುಳು ಸಾಯುತ್ತದೆ ಅನ್ನುತ್ತಿದ್ದ ಗಂಡ,
ಆಸ್ಪತ್ರೆಯ ಮೆಟ್ಟಿಲು ಹತ್ತದೆ ಹಳದಿಯಾಗಿ ಹೋದ.
ಅಕ್ಕಿಕಾಳಿನಷ್ಟು ಜೀವ,
ಎಷ್ಟೋ ವರ್ಷ ಬಾಡಿಗೆ ಕೊಡದೆ ಕೂತಿತ್ತು ಪಿತ್ತದ ಓಣಿಯಲ್ಲಿ.
ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ. ಸುಳ್ಳು.
ಲೋಕಕ್ಕೆ ನಾನು ಹಳದಿ. ನನಗೆ ಲೋಕ ಎಂದಿನ ಹಾಗೇ ಇತ್ತು,
ಮೈಯೆಲ್ಲ ತುರಿಸುತ್ತಿತ್ತು, ಅಷ್ಟೆ.

"ಎಚ್ಚರವಾದಾಗ ಏನಿರುತ್ತದೆ?"
ಅವಳು ಸುತ್ತಿ ಬಳಸಲಿಲ್ಲ. ಮೂಗಿಗೊಂದು ನಳಿಗೆ,
ಹೊಟ್ಟೆಯ ಪಕ್ಕ ಇನ್ನೊಂದು, ಮೂತ್ರಕ್ಕೆ ಮತ್ತೊಂದು.
ಬೆನ್ನಿಗೆ ನೋವಿನ ಮದ್ದು ಹನಿಸುವ ಸಣ್ಣ ಎಳೆ.
ಮರುದಿನ ಕೂರಿಸುತ್ತಾರೆ, ಅದರ ಮರುದಿನ ನಡೆಸುತ್ತಾರೆ.
ಬೈಯಬೇಕೆನಿಸಿದರೆ ಬೈಯಿರಿ, ಆದರೆ ನಡೆಯಿರಿ.
"ಉಳಿದದ್ದು ಬೆಳೆಯುತ್ತದಂತಲ್ಲ?"
"ಬೆಳೆಯುತ್ತದೆ, ಕೆಲವೇ ವಾರಗಳಲ್ಲಿ. ತೂಕ ಬರುತ್ತದೆ,
ಹಳೆಯ ಆಕಾರ ಬರುವುದಿಲ್ಲ."
"ಕಾಯಿಲೆ?"
ಪೆನ್ನಿಗೆ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು.
"ಅದೂ ಬರಬಹುದು. ನೋಡುತ್ತಲೇ ಇರಬೇಕು."

ಬಿಳಿ ದೀಪ. ಯಾರೋ ನಮ್ಮೂರ ಮಾತಿನಲ್ಲೇ
"ಅಕ್ಕಾ, ಉಸಿರೆಳೆದುಕೋ" ಅಂದರು.
ಏಳು ಗಂಟೆ ನನ್ನ ಲೆಕ್ಕದಲ್ಲಿಲ್ಲ.

ಅವಳು ಹೇಳದೆ ಬಿಟ್ಟದ್ದು ಬಾಯಾರಿಕೆ.
ಒದ್ದೆ ಹತ್ತಿಯನ್ನು ತುಟಿಗೆ ಒತ್ತಿದರೆ
ಚೀ ನದಿಯನ್ನೇ ಹೀರುವಂತೆ ಹೀರಿದೆ.
ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿ ಕೆಮ್ಮಬೇಕು,
ಹಾಲು ಬಿಟ್ಟ ಮಗುವನ್ನು ಮತ್ತೆ ಅವುಚಿದ ಹಾಗೆ.
ಪ್ಲಾಸ್ಟಿಕ್ ಡಬ್ಬಿಯೊಳಗೆ ಮೂರು ಚೆಂಡು,
ಎಳೆದ ಉಸಿರಿಗೆ ಏಳಬೇಕು. ನನಗೆ ಒಂದೂ ಅಲುಗಲಿಲ್ಲ.
ಪಕ್ಕದ ಮಂಚದ ಸೀನುವಾನ್ ಎರಡು ಏಳಿಸಿ
ಜಮೀನು ಗೆದ್ದವಳಂತೆ ನೋಡಿದಳು.
ನನ್ನ ಚೀಲದಲ್ಲಿ ಆ ದಿನ ಇನ್ನೂರ ಎಂಬತ್ತು ಮಿಲಿ ಕೆಂಪು ನೀರು;
ಅದೇ ಅಂಕಿಗೆ ಲಾಟರಿ ಕಟ್ಟಿದಳು.
ಬರಲಿಲ್ಲ.

ಐದನೇ ದಿನ ತಂಗಿ ಬಂದು
ಬಲಗೈಗೆ ಬಿಳಿ ನೂಲು ಕಟ್ಟಿದಳು, ಎಡಗೈಯಲ್ಲಿ ಸೂಜಿ ಇತ್ತು.
ಮೈಯಲ್ಲಿ ಮೂವತ್ತೆರಡು ಖ್ವನ್, ಅಂಗಕ್ಕೊಂದು ಜೀವ.
ಹೆದರಿ ಚದುರಿದವನ್ನು ಹೆಸರಿಟ್ಟು ಕರೆದಳು:
ಹೊಲದಲ್ಲಿದ್ದರೆ ಬಾ, ಹೊಳೆಯಲ್ಲಿದ್ದರೆ ಬಾ.
"ತೆಗೆದು ಎಸೆದ ಹೋಳಿನದು?" ಕೇಳಿದೆ.
ಉತ್ತರ ಹೇಳದೆ
ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

ಮೂರು ತಿಂಗಳು. ಮಧ್ಯಾಹ್ನವೇ ನಿದ್ದೆ ಎಳೆಯುತ್ತದೆ,
ತುಂಬಿದ ಕೊಡ ಎತ್ತುವಂತಿಲ್ಲ. ಕಣ್ಣು ಬೆಳ್ಳಗಾಗಿವೆ.
ಒಮ್ಮೊಮ್ಮೆ ರಾತ್ರಿ ಪಕ್ಕೆಗೆ ಕೈಯಿಟ್ಟು ಕೇಳುತ್ತೇನೆ,
ಬೆಳೆಯುತ್ತಿರುವುದು ಯಾವುದು ಅಂತ.

ನಿನ್ನೆ ಅಂಗಡಿ ತೆರೆದೆ. ಮೊದಲ ಮೀನು ಸೀಳಿದೆ,
ಹಸಿರು ಮಣಿ ಇಡಿಯಾಗಿ ಬಂತು.
ಕೊಚ್ಚಿದ್ದನ್ನು ಕಾದ ಬಾಣಲೆಗೆ ಸುರಿದೆ, ಬೆಳ್ಳಗಾಗುವ ತನಕ.
"ಹಸಿಯದೇ ಕೊಡು," ಗೊಣಗಿದ ಮುದುಕ ತೊಂಗ್‌ಯೋಯ್,
"ಬೆಂದರೆ ರುಚಿಯೇ ಇಲ್ಲ."
ರವಿಕೆಯ ಅಂಚು ಎತ್ತಿ ಹೊಲಿಗೆ ತೋರಿಸಿದೆ.
ಬೆಂದದ್ದನ್ನೇ ಕಟ್ಟಿಸಿಕೊಂಡ.
ಐದು ಬಾತ್ ಕಡಿಮೆ ಕೊಟ್ಟು ಹೋದ.